ಕ್ಲಚ್ ‘ಹಿಡಿಯುತ್ತಿಲ್ಲ’ ಅಂದರೆ ಹಿಡಿಯಬೇಕಾದವರು ಯಾರು?

ಗೆಳೆಯರೇ,

ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಸವೆದ ಕ್ಲಚ್ಚನ್ನು ಮನೆಯಲ್ಲೇ ಬದಲಿಸುವ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಭಾಗಗಳ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಫ್ಲೈವೀಲ್ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ), ಕ್ಲಚ್ ಪ್ಲೇಟ್ (ಅದಕ್ಕೆ ಅಂಟಿ ತಿರುಗಿ ಗೇರ್‌ಬಾಕ್ಸನ್ನು ತಿರುಗಿಸುವ ಬಿಲ್ಲೆ), ಪ್ರೆಶರ್ ಪ್ಲೇಟ್ (ಆ ಬಿಲ್ಲೆಯನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದು), ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಆ ಒತ್ತಡ ತಪ್ಪಿಸುವುದು) ಎಲ್ಲ ಹಾಗೇ ಇರಲಿ. ಫ್ಲೈವೀಲಿಗೆ ಹೊಸ ಪದ ಕಟ್ಟಲು ಕಾಯುತ್ತಿರುವವರು ದಯವಿಟ್ಟು ಸ್ವಲ್ಪ ತಡೆದುಕೊಳ್ಳಿ. ನನಗೆ ತೊಡಕಾಗಿರುವುದು ಕ್ರಿಯಾಪದಗಳು. ಅದರಲ್ಲೂ ಎರಡು: ಹಿಡಿ, ಬಿಡು.

‘ಕ್ಲಚ್ ಹಿಡಿ’ ಅಂದರೆ ಏನು? ಬೈಕ್ ಓಡಿಸುವವರಿಗೆ ‘ಲಿವರ್ ಅದುಮು’ ಎಂದರ್ಥ. ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಂಟು ತಪ್ಪಿಸು ಅಂತ. ಆದರೆ ‘ಕ್ಲಚ್ ಹಿಡಿಯುತ್ತಿಲ್ಲ’ ಅಂದಾಗ ಹಿಡಿಯಬೇಕಾದ್ದು ಕೈಯಲ್ಲ, ಕ್ಲಚ್ ಪ್ಲೇಟು. ಅದು ಫ್ಲೈವೀಲನ್ನು ಹಿಡಿದರೆ ನಂಟು ಕೂಡುತ್ತದೆ. ಪದ ಒಂದೇ, ಕೆಲಸ ತಿರುಗುಮುರುಗು. ‘ಬಿಡು’ ಕೂಡ ಹಾಗೇ. ನಾವು ಕ್ಲಚ್ ಬಿಟ್ಟರೆ ಪ್ಲೇಟು ಹಿಡಿಯುತ್ತದೆ. ಪ್ಲೇಟು ಬಿಡಬೇಕಾದರೆ ನಾವು ಒತ್ತಬೇಕು.

ಎದುರಲ್ಲೇ ಗಾಡಿ ಇದ್ದರೆ ಇದರಿಂದ ಏನೂ ತೊಂದರೆಯಿಲ್ಲ. ಬರಹದಲ್ಲಿ ಮಾತ್ರ ಎಡವಟ್ಟಾಗುತ್ತದೆ, ಯಾಕೆಂದರೆ ಎರಡಕ್ಕೂ ರಿಪೇರಿ ಬೇರೆ ಬೇರೆ. ಪ್ಲೇಟು ಸರಿಯಾಗಿ ಹಿಡಿಯದಿದ್ದರೆ ಏರಿನಲ್ಲಿ ಎಂಜಿನ್ ಸುಮ್ನೆ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಎಳೆಯುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಪೆಡಲಿನ ಫ್ರೀ ಪ್ಲೇ (ಒತ್ತಲು ಶುರುಮಾಡಿದಾಗ ಇರುವ ಸಡಿಲು) ಸರಿಯಿದ್ದೂ ಹೀಗಾಗುತ್ತಿದ್ದರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ. ಪ್ಲೇಟು ಬಿಡದಿದ್ದರೆ ಕಥೆಯೇ ಬೇರೆ. ಪೆಡಲ್ ಪೂರ್ತಿ ಒತ್ತಿದರೂ ಗೇರ್ ಕರ್ರೆನ್ನುತ್ತದೆ, ರಿವರ್ಸ್ ಹಾಕುವಾಗ ಇನ್ನೂ ಜಾಸ್ತಿ. ಇದಕ್ಕೆ ಕಾರಣ ಎಷ್ಟೋ ಸಲ ಹೊರಗೇ ಇರುತ್ತದೆ: ಹೈಡ್ರಾಲಿಕ್ ಲೈನಿನಲ್ಲಿ ಸೇರಿಕೊಂಡ ಗಾಳಿ, ಸೋರುವ ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ಗೇರ್‌ಬಾಕ್ಸಿನ ಕಡೆ ತಲುಪಿಸುವುದು), ಸಡಿಲವಾದ ಕೇಬಲ್. ಗಾಳಿ ತೆಗೆದರೆ ಸಾಕಾಗುವ ಗಾಡಿಯ ಕೆಳಗೆ ಮಲಗಿ, ಮುಂದಿನ ಹಿಂದಿನ ಪ್ರೊಪೆಲರ್ ಶಾಫ್ಟ್ ಎರಡನ್ನೂ ಬಿಚ್ಚಿ, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಸಮೇತ ಗೇರ್‌ಬಾಕ್ಸ್ ಇಳಿಸಿದವರು ಕೈಪಿಡಿ ಬರೆದವನನ್ನು ಸುಮ್ಮನೆ ಬಿಡುತ್ತಾರಾ? ಅದು ಒಬ್ಬರು ಕೈಯಲ್ಲಿ ಎತ್ತುವ ತೂಕವೂ ಅಲ್ಲ.

ಸದ್ಯಕ್ಕೆ ನಾನು ಹೀಗೆ ಮಾಡಿದ್ದೇನೆ. ಪೆಡಲನ್ನು ‘ಒತ್ತಿ’, ಪೆಡಲಿನಿಂದ ‘ಕಾಲು ತೆಗೆಯಿರಿ’. ಹಿಡಿ, ಬಿಡು ಎರಡೂ ಪ್ಲೇಟಿಗೆ ಮಾತ್ರ. ಬರೀ ‘ಕ್ಲಚ್’ ಎಂದು ಎಲ್ಲೂ ಬರೆಯುವುದಿಲ್ಲ, ಪೆಡಲೋ ಪ್ಲೇಟೋ ಹೇಳಿಯೇ ಬರೆಯುತ್ತೇನೆ. ಪ್ಲೇಟಿಗೆ ‘ಕಚ್ಚು’ ಸರಿಹೋದೀತಾ ಎಂದೂ ನೋಡಿದೆ. ಒಗ್ಗಲಿಲ್ಲ. ಕಚ್ಚಲು ಹಲ್ಲು ಬೇಕು, ಅದು ಗೇರಿನ ಗುಣ. ಪ್ಲೇಟು ಉಜ್ಜುತ್ತಾ ಉಜ್ಜುತ್ತಾ ಹಿಡಿಯುತ್ತದೆ, ಅದಕ್ಕೇ ಹಾಫ್ ಕ್ಲಚ್ ಅನ್ನುವುದು ಸಾಧ್ಯ. ಪ್ಲೇಟಿನ ನಡುವಿನ ಸ್ಪ್ಲೈನಿಗೆ (ಗೇರ್‌ಬಾಕ್ಸಿನ ಶಾಫ್ಟ್ ತೂರುವ ಗೀರು ಗೀರಾದ ತೂತಿಗೆ) ಹಲ್ಲಿದೆ ನಿಜ, ಆದರೆ ಗಾಡಿ ಓಡುವಾಗ ಅದು ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಶಾಫ್ಟಿನ ಮೇಲೆ ಕೂತೇ ಇರುತ್ತದೆ.

ಇನ್ನೊಂದು ಜೋಡಿ: ಸವೆ, ತೇಯು. ಚಪ್ಪಲಿ ಸವೆಯುತ್ತದೆ, ಗಂಧ ತೇಯುತ್ತೇವೆ. ಬಳಸಿ ಬಳಸಿ ತಾನಾಗಿ ತೆಳುವಾಗುವುದು ಸವೆತ, ಬೇಕೆಂದೇ ಉಜ್ಜುವುದು ತೇಯುವುದು. ಹಾಗಾಗಿ ಲೈನಿಂಗ್ (ಪ್ಲೇಟಿನ ಮೇಲಿನ ಉಜ್ಜುವ ಪದರ) ರಿವೆಟ್ಟಿನ ತನಕ ‘ಸವೆದಿದೆ’ ಎಂದೇ ಬರೆದಿದ್ದೇನೆ. ‘ತೇದುಹೋಗಿದೆ’ ಎಂಬ ಮಾತೂ ಕಿವಿಗೆ ಬಿದ್ದಿದೆ. ಅದು ನಿಮ್ಮ ಕಡೆ ರೂಢಿಯೇ?

ಒಂದು ಪದದಲ್ಲಿ ಮಾತ್ರ ನಾನು ಹಟ ಬಿಡುವುದಿಲ್ಲ. ಬೆಲ್ ಹೌಸಿಂಗಿನೊಳಗಿನ (ಕ್ಲಚ್ಚನ್ನು ಮುಚ್ಚಿರುವ ಕವಚದೊಳಗಿನ) ಪುಡಿಯನ್ನು ‘ಕ್ಲೀನ್ ಮಾಡಿ’ ಎಂದು ಬರೆದರೆ ಜನ ಗಾಳಿ ಹಾಯಿಸಿ ಊದುತ್ತಾರೆ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇದ್ದಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಆದ್ದರಿಂದ ‘ಒದ್ದೆ ಬಟ್ಟೆಯಿಂದ ಒರೆಸಿ, ಊದಬೇಡಿ’ ಎಂದೇ ಇರಲಿ.

ಕೊನೆಗೆ ನನಗೆ ಪದವೇ ಸಿಗದ ಜಾಗ. ಹೊಸ ಪ್ಲೇಟನ್ನು ಫ್ಲೈವೀಲಿಗೆ ಇಟ್ಟು, ಅದರ ನಡುತೂತಿನಿಂದ ಪೈಲಟ್ ಬೇರಿಂಗ್ (ಶಾಫ್ಟಿನ ತುದಿ ಕೂರುವ ಪುಟ್ಟ ಬೇರಿಂಗ್) ತನಕ ಒಂದು ಅಲೈನ್‌ಮೆಂಟ್ ಕೋಲು ತೂರಿಸುತ್ತೇವೆ. ಆಮೇಲೆ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತೇವೆ. ಪ್ಲೇಟು ಒಂಚೂರು ಪಕ್ಕಕ್ಕೆ ಸರಿದಿದ್ದರೂ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದಿಲ್ಲ. ಈ ‘ಅಲೈನ್ ಮಾಡು’ವುದಕ್ಕೆ ‘ನೇರ್ಪಡಿಸು’ ಸಾಲದು. ಇಲ್ಲಿ ನೇರದ ಮಾತಿಲ್ಲ, ನಡುವಿನ ಮಾತು. ‘ನಡು ಕೂರಿಸು’ ಎಂದು ಬರೆದಿಟ್ಟಿದ್ದೇನೆ. ಬೀಸುಕಲ್ಲಿನ ಗೂಟಕ್ಕೋ ಗಾಡಿಯ ಅಚ್ಚಿಗೋ ಇಂಥ ಕೆಲಸಕ್ಕೆ ನಿಮ್ಮ ಮನೆಯ ಹಿರಿಯರು ಬಳಸುತ್ತಿದ್ದ ಮಾತು ಯಾವುದಾದರೂ ನೆನಪಿದ್ದರೆ ತಿಳಿಸಿ.