ಹಳೆ ಪದ್ಮಿನಿಗೆ ರೋಲ್ ಕೇಜ್: ಬೋಲ್ಟಾ, ವೆಲ್ಡಾ?

ವಿರಾಜಪೇಟೆ ಪದ್ಮಿನಿ:
ಅಪ್ಪನ ಪ್ರೀಮಿಯರ್ ಪದ್ಮಿನಿಯನ್ನು ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಿನ ರೇಸು) ರೆಡಿ ಮಾಡುತ್ತಿದ್ದೇನೆ. ಕಾರು ಮಗುಚಿದರೆ ಛಾವಣಿ ಕುಸಿಯದಂತೆ ಒಳಗೆ ಹಾಕುವ ಪೈಪಿನ ಪಂಜರ, ಅಂದರೆ ರೋಲ್ ಕೇಜ್, ಬೋಲ್ಟ್ ಹಾಕಿ ಕೂರಿಸಲಾ, ವೆಲ್ಡ್ ಮಾಡಿಸಲಾ? ಬೋಲ್ಟ್ ಆದರೆ ಮುಂದೆ ಬಿಚ್ಚಿ ಮೊದಲಿನ ಹಾಗೆ ಇಟ್ಟುಕೊಳ್ಳಬಹುದು ಅಂತ ಆಸೆ. ಇಲ್ಲಿ ಗೇಟ್ ಮಾಡುವವರೊಬ್ಬರು ಜಿಐ ಪೈಪಿನಲ್ಲಿ ಅಗ್ಗಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಾರೆ.

ಗೋಣಿಕೊಪ್ಪ ಗ್ಯಾರೇಜ್:
ಜಿಐ ಬೇಡವೇ ಬೇಡ, ಅದು ನೀರಿನ ಪೈಪು. ಕಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಕೇಳುವುದು ಸೀಮ್‌ಲೆಸ್ (ಉದ್ದಕ್ಕೆ ಬೆಸುಗೆ ಇಲ್ಲದ) ಕಾರ್ಬನ್ ಸ್ಟೀಲ್. ಸೀಟಿನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ಪೈಪಾದರೆ ಗೋಡೆ ದಪ್ಪ 2.5 ಮಿ.ಮೀ., 50ರ ಪೈಪಾದರೆ 2. ಬಗ್ಗಿಸಿದ ಜಾಗವನ್ನು ಕೈಯಿಂದ ಸವರಿ ನೋಡಿ. ಚಪ್ಪಟೆಯಾಗಿದ್ದರೆ, ಸುಕ್ಕು ಬಿದ್ದಿದ್ದರೆ ವಾಪಸ್ ಕೊಡಿ. ಕಾರು ಮಗುಚಿದಾಗ ಮೊದಲು ಮಡಚಿಕೊಳ್ಳುವುದು ಅಲ್ಲೇ. ನನ್ನ ಓಟು ವೆಲ್ಡ್‌ಗೆ. ಇಡೀ ಬಾಡಿ ಬಿಗಿಯಾಗುತ್ತದೆ, ತಿರುವಿನಲ್ಲಿ ಗೊತ್ತಾಗುತ್ತದೆ.

ಸೋಮವಾರಪೇಟೆ ತೋಟ:
ಅಣ್ಣ, ನಾನು ಒಪ್ಪಲ್ಲ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ವಾ? ಕೇಜ್ ವೆಲ್ಡ್ ಆದಮೇಲೆ ಅದರ ಹಿಂದೆ ತುಕ್ಕು ಕೆರೆಯಲು ಕೈಯೇ ಹೋಗಲ್ಲ. ಬೋಲ್ಟ್ ಇದ್ದರೆ ಬಿಚ್ಚಿ ಪ್ರೈಮರ್ ಹೊಡೆಯಬಹುದು.

ಮಡಿಕೇರಿ ಕೋಡ್ರೈವರ್:
ಇಬ್ಬರೂ ಪೈಪಿನ ಮೇಲೇ ಇದ್ದೀರಿ, ನೆಲದ ತಗಡು ಹೇಗಿದೆ ಅಂತ ಯಾರೂ ಕೇಳಲಿಲ್ಲ. ಪದ್ಮಿನಿಗೆ ಜಿಪ್ಸಿ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ. ಕೇಜಿನ ಕಾಲು ನಿಲ್ಲುವುದು ಆ ತಗಡಿನ ಮೇಲೆ. ತಗಡು ತುಕ್ಕು ಹಿಡಿದಿದ್ದರೆ ಕಾರು ಮಗುಚಿದಾಗ ಪೈಪು ನೆಟ್ಟಗೇ ಇರುತ್ತದೆ, ಕಾಲು ಮಾತ್ರ ನೆಲ ಹರಿದುಕೊಂಡು ಹೊರಗೆ ಹೋಗುತ್ತದೆ. ಆಗ ಛಾವಣಿ ತಲೆ ಮೇಲೆ.

ಮೊದಲು ಮ್ಯಾಟ್ ಎತ್ತಿ. ಹಳೆ ಡಾಂಬರು ಪದರ ಕೆರೆಯಿರಿ. ನೆಲ, ಬಾಗಿಲ ಕೆಳಗಿನ ಸಿಲ್ ಎಲ್ಲವನ್ನೂ ಸ್ಕ್ರೂಡ್ರೈವರ್‌ನಿಂದ ಗಟ್ಟಿಯಾಗಿ ಚುಚ್ಚಿ. ಮೆತ್ತಗಿದ್ದ ಕಡೆ ಕತ್ತರಿಸಿ ಹೊಸ ತಗಡು ಹಾಕಿಸಿ. ಆಮೇಲೆ ಕಮಾನಿನ ಪ್ರತಿ ಕಾಲಿಗೂ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತೀರ್ಣದ ಪ್ಲೇಟ್. ಬೋಲ್ಟ್ ಕೇಜ್ ಆದರೂ ಈ ಪ್ಲೇಟ್ ಬಾಡಿಗೆ ವೆಲ್ಡ್ ಆಗಲೇಬೇಕು. ಕಾಲಿಗೆ ಕನಿಷ್ಠ ಮೂರು ಎಂ8 (8 ಮಿ.ಮೀ.) ಬೋಲ್ಟ್, ಗಟ್ಟಿತನದಲ್ಲಿ 8.8 ಗ್ರೇಡು.

ವಿರಾಜಪೇಟೆ ಪದ್ಮಿನಿ:
ಈಗಷ್ಟೇ ಚುಚ್ಚಿ ನೋಡಿದೆ. ಡ್ರೈವರ್ ಕಡೆ ಸಿಲ್‌ನ ಹಿಂದಿನ ಮೂಲೆಯಲ್ಲಿ ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯಿತು, ಕೆಂಪು ಪುಡಿ ಉದುರಿತು. ಮುಖ್ಯ ಕಮಾನು ನಿಲ್ಲುವುದು ಅದರ ಪಕ್ಕದಲ್ಲೇ. ಟಿಂಕರಿಂಗ್ ಮೊದಲು, ಸರಿ. ಆದರೆ ಕೇಜ್ ಹಾಕಿದ ಮೇಲೆ ಪೇಟೆಗೂ ಓಡಿಸಬಹುದಾ?

ಮಡಿಕೇರಿ ಕೋಡ್ರೈವರ್:
ಬೇಡ. ಹೆಲ್ಮೆಟ್ ಇಲ್ಲದ ತಲೆಗೆ ಆ ಪೈಪೇ ಅಪಾಯ, ಸಣ್ಣ ಡಿಕ್ಕಿ ಸಾಕು. ಸಾಮಾನ್ಯ ಸ್ಪಂಜು ಸುತ್ತಿದರೆ ಪ್ರಯೋಜನ ಇಲ್ಲ. ರೇಸಿನ ಗಟ್ಟಿ ಪ್ಯಾಡಿಂಗ್ ಕೂಡ ಹೆಲ್ಮೆಟ್ ಲೆಕ್ಕದಲ್ಲೇ ಮಾಡಿದ್ದು.

ಗೋಣಿಕೊಪ್ಪ ಗ್ಯಾರೇಜ್:
ಸಿಲ್ ಹಾಗಿದ್ದರೆ ಟಿಂಕರಿಂಗೇ ಮೊದಲು, ಒಪ್ಪಿದೆ. ಆದರೂ ನಾನು ವೆಲ್ಡ್ ಅಂತಲೇ ಹೇಳುತ್ತೇನೆ. ಪೈಪ್ ಕತ್ತರಿಸುವ ಮೊದಲು ನಮ್ಮ ದೇಶದ ರೇಸ್ ಸಂಸ್ಥೆ ಎಫ್‌ಎಂಎಸ್‌ಸಿಐ ನಿಯಮದಲ್ಲಿ ನಿಮ್ಮ ಕ್ಲಾಸಿಗೆ ಏನಿದೆ ಅಂತ ಸ್ಕ್ರೂಟಿನಿಯರ್ (ರೇಸಿಗೆ ಮೊದಲು ಕಾರು ತಪಾಸಣೆ ಮಾಡುವವರು) ಹತ್ತಿರ ಕೇಳಿ. ರೇಸ್ ಸೀಟನ್ನೂ ಮೊದಲೇ ಕೂರಿಸಿ, ಹೆಲ್ಮೆಟ್ ಹಾಕಿ ಕೂತು ಅಳತೆ ಕೊಡಿ. ಕೇಜ್ ಆದಮೇಲೆ ಸೀಟು ಎತ್ತರವಾದರೆ ತಗ್ಗಿಸಲು ಜಾಗ ಇರಲ್ಲ.