ಕರೆಂಟ್ ಬಿಲ್ ಕಟ್ಟಲಿಕ್ಕೂ ಆಧಾರ್ ಝೆರಾಕ್ಸ್ ಬೇಕಂತೆ. ಕೊಟ್ಟವರು, ಕೊಡದವರು ನಿಮ್ಮ ಅನುಭವ ಹೇಳಿ

ಗದಗಿನವಳು (ಈಗ ಹುಬ್ಬಳ್ಳಿ)
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಗದಗಿನಿಂದ ಹುಬ್ಬಳ್ಳಿಗೆ ಬಂದಿದ್ದೇವೆ. ಕೇಶ್ವಾಪುರದಲ್ಲಿ ಬಾಡಿಗೆ ಮನೆ. ಗೃಹಜ್ಯೋತಿ ಇನ್ನೂ ನಮ್ಮ ಹೆಸರಿಗೆ ಆಗಿಲ್ಲ, ಹಾಗಾಗಿ ಬಿಲ್ ಬರುತ್ತಿದೆ. ಓಣಿಯ ತುದಿಯಲ್ಲಿ ಬಿಲ್ ಕಟ್ಟಿಸಿಕೊಳ್ಳುವ ಅಂಗಡಿ ಇದೆ. 640 ರೂಪಾಯಿ ನಗದು ಹಿಡಿದು ಹೋದರೆ ಆಧಾರ್ ಝೆರಾಕ್ಸ್ ಕೊಡಿ ಅಂದರು. ಮರುದಿನವೇ ಅವ್ವನ ಫೋನಿಗೆ ಬ್ಯಾಂಕಿನ ಹೆಸರಿನಲ್ಲಿ ಮೆಸೇಜ್, ಕೆವೈಸಿ (ಗುರುತು, ವಿಳಾಸದ ಖಾತ್ರಿ) ಮಾಡಿಸದಿದ್ದರೆ ಖಾತೆ ನಿಲ್ಲಿಸುತ್ತೇವೆ ಅಂತ. ಅಪ್ಪನ ಫ್ಯಾಮಿಲಿ ಪೆನ್ಷನ್ ಅದೇ ಖಾತೆಗೆ ಬರುತ್ತದೆ. ಅವ್ವನಿಗೆ 74. ಹೆಬ್ಬೆರಳಿನ ಗೆರೆ ಸವೆದುಹೋಗಿವೆ, ಮಷಿನ್ ಹಿಡಿಯುವುದಿಲ್ಲ. ಬಿಲ್ಲಿಗೆ ಝೆರಾಕ್ಸ್ ಕೊಡಬೇಕಾ? ಅವ್ವನ ಖಾತೆಗೆ ಬೇರೆ ದಾರಿ ಇದೆಯಾ?

ಸಪ್ತಾಪುರದ ನಿವೃತ್ತ
ಕೊಡಬೇಡ ತಂಗಿ. ನಾನು ಕೊಡಲಿಲ್ಲ, ಏನೂ ಆಗಲಿಲ್ಲ. ಅಂದರೆ ಆಯಿತು, ಆದರೆ ಗೆದ್ದೆ.

2022ರಲ್ಲಿ ಇಲ್ಲೇ ಧಾರವಾಡದಲ್ಲಿ ಮಾಳಮಡ್ಡಿ ಬಿಟ್ಟು ಸಪ್ತಾಪುರಕ್ಕೆ ಬಂದೆ. ಬ್ಯಾಂಕಿಗೆ ಹೊಸ ವಿಳಾಸ ಕೊಡಬೇಕಿತ್ತು. (ಯಾವ ಬ್ಯಾಂಕು ಅಂತ ಹೇಳುವುದಿಲ್ಲ, ಈಗಲೂ ಅಲ್ಲೇ ಖಾತೆ ಇದೆ.) ಮತದಾರರ ಚೀಟಿ ಕೊಟ್ಟೆ, ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ. ಕೌಂಟರಿನ ಹುಡುಗಿ ಎರಡನ್ನೂ ಮುಟ್ಟಲಿಲ್ಲ. "ಸಿಸ್ಟಮ್ ಆಧಾರ್ ಅಷ್ಟೇ ತಗೊಳ್ಳತೈತ್ರಿ ಸರ್" ಅಂದಳು. ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಪಾಸ್‌ಪೋರ್ಟ್, ಲೈಸೆನ್ಸ್, ಮತದಾರರ ಚೀಟಿ, ಉದ್ಯೋಗ ಖಾತ್ರಿ ಕಾರ್ಡ್ ಎಲ್ಲ ಇವೆ ಅಂತ ಅವಳಿಗೆ ಗೊತ್ತಿರಲಿಲ್ಲ. ಮ್ಯಾನೇಜರಿಗೆ ಗೊತ್ತಿತ್ತು, ಆದರೆ ಅವರು ಸೀಟಿನಲ್ಲಿ ಇರುತ್ತಿರಲಿಲ್ಲ.

ಏಳು ಸಲ ಹೋದೆ. ಆಟೋ ಹೋಗಿ ಬರಲು 120. ಏಳು ಸಲಕ್ಕೆ 840. ಮೂರನೇ ಸಲ ಹೋಗುವ ಹೊತ್ತಿಗೆ ಖಾತೆಯಿಂದ ಹಣ ಹೋಗುವುದು ನಿಂತಿತ್ತು, ವಿಮೆಯ ಕಂತು ವಾಪಸ್ ಬಂತು. ಅದಕ್ಕೆ 250 ದಂಡ, ಆ ದಂಡಕ್ಕೆ 45 ರೂಪಾಯಿ ಜಿಎಸ್‌ಟಿ. ದಂಡಕ್ಕೂ ತೆರಿಗೆ, ನೋಡಿ! ಲಿಖಿತ ದೂರು ಕೊಟ್ಟು ಅಕ್‌ನಾಲೆಡ್ಜ್‌ಮೆಂಟ್ ತಗೊಂಡೆ. 30 ದಿನ ಕಾದೆ. ಉತ್ತರ ಬರಲಿಲ್ಲ. 31ನೇ ದಿನ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಿದೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. 41ನೇ ದಿನ ಮ್ಯಾನೇಜರ್ ತಾವೇ ಫೋನ್ ಮಾಡಿ "ಬರ್ರಿ ಸರ್, ಚಹಾ ಕುಡಿಯೋಣ" ಅಂದರು. ಮತದಾರರ ಚೀಟಿಯಲ್ಲೇ ಕೆಲಸ ಆಯಿತು.

2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪು ಓದಿಕೊಳ್ಳಿ. ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಆಧಾರ್ ಕಡ್ಡಾಯ ಅಲ್ಲ. ಆ ಕೇಸು ಹಾಕಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಇದ್ದವರು.

ಗೋಕುಲ ರೋಡ್ ಸೇವಾ ಅಂಗಡಿ
ಸರ್, ನಿಮ್ಮದು ಪೆನ್ಷನ್ ಜೀವನ. 41 ದಿನ ಕಾಯಲಿಕ್ಕೆ ಎಲ್ಲರಿಗೂ ಆಗುತ್ತದಾ?

ನಾನು ಅಂಗಡಿ ನಡೆಸುವವನು, ಬಿಲ್ ಕಟ್ಟಿಸಿಕೊಳ್ಳುತ್ತೇನೆ, ಹಣವನ್ನೂ ಕಳಿಸುತ್ತೇನೆ. ನಾವು ಹವ್ಯಾಸಕ್ಕೆ ಝೆರಾಕ್ಸ್ ಕೂಡಿಡುವುದಿಲ್ಲ. ನಗದು ಕೊಟ್ಟು ಇನ್ನೊಬ್ಬರ ಖಾತೆಗೆ ಹಾಕಿಸುವವರು ಮೊಬೈಲ್ ಓಟಿಪಿ ಕೊಡಬೇಕು, ಸಹಿ ಮಾಡಿದ ಗುರುತಿನ ಕಾಗದ ಕೊಟ್ಟು ಹೆಸರು ಹಚ್ಚಿಸಬೇಕು. 2024ರ ನವೆಂಬರ್ 1ರಿಂದ ಇದು ನಿಯಮ.

ಅದಕ್ಕೂ ಮೊದಲಿನ ಮಾತು. ಒಬ್ಬ ಹುಡುಗ ಬಂದ, ಬರೀ ಫೋನ್ ನಂಬರ್ ಕೊಟ್ಟು 5,000ದಂತೆ ಮೂರು ಸಲ ಕಳಿಸಿದ. ಮುಖ ಕೂಡ ನೆನಪಿಲ್ಲ. ಎರಡು ತಿಂಗಳಿಗೆ ಬೇರೆ ರಾಜ್ಯದ ಪೊಲೀಸರ ಪತ್ರ ಬಂತು, ನನ್ನ ಖಾತೆ ಫ್ರೀಜ್. ಅದರಲ್ಲಿ 38,000 ಇತ್ತು. ಅಂಗಡಿ ಬಾಡಿಗೆ 6,500, ಅದನ್ನೂ ಸಾಲ ಮಾಡಿ ಕಟ್ಟಿದೆ. ಠಾಣೆಗೆ ಒಂಬತ್ತು ಸಲ ಅಡ್ಡಾಡಿದೆ. ವಕೀಲರಿಗೆ 4,000. ನಾಲ್ಕು ತಿಂಗಳ ಮೇಲೆ ಖಾತೆ ಬಿಟ್ಟರು. ನನ್ನ ಹೆಂಡತಿ ತಾಳಿಸರ ಅಡವಿಟ್ಟಿದ್ದನ್ನು ಈ ಸರ್ ಬಿಡಿಸಿಕೊಡ್ತಾರಾ? ಅವತ್ತಿನಿಂದ ನನ್ನ ಅಂಗಡಿಯಲ್ಲಿ ಯಾರೇ ಬರಲಿ, ಝೆರಾಕ್ಸ್ ಕೊಡಬೇಕು. ಕೊಡದವರು ಮುಂದಿನ ಅಂಗಡಿಗೆ ಹೋಗಲಿ.

ಸಪ್ತಾಪುರದ ನಿವೃತ್ತ
ನಿಮ್ಮ ಕಷ್ಟ ಒಪ್ಪಿದೆ. ಆದರೆ ನೀವು ಹೇಳಿದ ನಿಯಮ ಹಣ ಕಳಿಸುವುದಕ್ಕೆ. ಆ ತಂಗಿ ಕೇಳಿದ್ದು ಕರೆಂಟ್ ಬಿಲ್. ಮೀಟರ್ ಎಲ್ಲಿಗೂ ಓಡಿಹೋಗುವುದಿಲ್ಲ, ಹಣ ನೇರವಾಗಿ ಕಂಪನಿಗೇ ಸೇರುತ್ತದೆ. ಅದಕ್ಕೆ ಯಾಕೆ ಆಧಾರ್?

ಗೋಕುಲ ರೋಡ್ ಸೇವಾ ಅಂಗಡಿ
ಬಿಲ್ಲಿಗೆ ಬೇಕೇ ಬೇಕು ಅಂತ ನಾನೆಲ್ಲಿ ಬರೆದೆ? ಒಂದೇ ಕೌಂಟರ್, ಒಬ್ಬನೇ ಹುಡುಗ. ಇವರಿಗೆ ಕೇಳು, ಅವರಿಗೆ ಬೇಡ ಅಂತ ಅವನಿಗೆ ಹೇಳಿ ಸಾಕಾಗಿ ಎಲ್ಲರಿಗೂ ಕೇಳು ಅಂದಿದ್ದೇನೆ.

ಸಪ್ತಾಪುರದ ನಿವೃತ್ತ
ಅಂದರೆ ನಿಮ್ಮ ಅನುಕೂಲಕ್ಕೆ. ಅಷ್ಟು ಹೇಳಿದರೆ ಮುಗೀತು.

ಬ್ಯಾಡಗಿ ಖಾರ
ನೀವು ಆಧಾರ್ ಆಧಾರ್ ಅಂತ ಬಡಿದಾಡ್ತೀರಿ. ನನ್ನ ರೊಕ್ಕ ತಿಂದದ್ದು ಪ್ಯಾನ್.

ನಮ್ಮ ಅಡ್ಡಹೆಸರು ಮೆಣಸಿನಕಾಯಿ. ನಗಬೇಡಿ, ನಮ್ಮ ಕಡೆ ಹೀಗೇ ಇರುತ್ತವೆ. ಆಧಾರಿನಲ್ಲಿ ಕೊನೆಗೆ ಇಂಗ್ಲಿಷಿನ ಐ ಒಂದೇ. ಪ್ಯಾನಿನಲ್ಲಿ ವೈ, ಐ ಎರಡೂ. ಈ ಒಂದು ಅಕ್ಷರಕ್ಕೆ ಎರಡೂ ಜೋಡಣೆ ಆಗಲಿಲ್ಲ. 1,000 ದಂಡ ಕಟ್ಟಿದೆ, ಆದರೂ ಆಗಲಿಲ್ಲ. ಜೋಡಣೆಯ ಗಡುವು 2023ರ ಜೂನ್ 30 ದಾಟಿತು. ಜುಲೈ 1ಕ್ಕೆ ಪ್ಯಾನ್ ಸತ್ತಿತು. ಮೆಣಸಿನಕಾಯಿ ರೊಕ್ಕ 9 ಲಕ್ಷ ಎಫ್‌ಡಿ ಇಟ್ಟಿದ್ದೆ. ಬಡ್ಡಿ 63,000. ಹಿಡಿಯಬೇಕಾದ ತೆರಿಗೆ 6,300, ಹಿಡಿದದ್ದು 12,600. ಪ್ಯಾನ್ ಇಲ್ಲದವನ ಲೆಕ್ಕದಲ್ಲಿ ಶೇಕಡಾ 20!

ಹೆಸರು ತಿದ್ದಿಸಲು ಹಾವೇರಿಗೆ ಮೂರು ಸಲ. ಸೋಮವಾರ, ಗುರುವಾರ ನಮ್ಮಲ್ಲಿ ಮಾರ್ಕೆಟ್ ದಿನ, ಅಂದು ಹೋಗಲಾಗದು. ಉಳಿದ ದಿನ ಹೋದರೆ ಒಮ್ಮೆ ಸರ್ವರ್ ಡೌನ್, ಇನ್ನೊಮ್ಮೆ ಟೋಕನ್ ಖಾಲಿ. ಬೆಳಿಗ್ಗೆ 6ಕ್ಕೆ ಪಾಳಿ ಹಚ್ಚಿದವರಿಗೇ ಟೋಕನ್. ಮೂರನೇ ಸಲ ಹಿಂದಿನ ರಾತ್ರಿ ಬೀಗರ ಮನೆಯಲ್ಲಿ ಉಳಿದೆ. ಬೀಗರ ಮನೆಗೆ ಬರಿಗೈಲಿ ಹೋಗಲಿಕ್ಕೆ ಆಗುತ್ತದಾ? ಹಣ್ಣು, ಸಿಹಿ ಅಂತ 450. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಆಗಿನಿಂದ ಬ್ಯಾಂಕಿಗೆ ನಗದು ಹಾಕುವಾಗ 49,000 ಅಷ್ಟೇ ಹಾಕುತ್ತೇನೆ. ಪ್ಯಾನ್ ಕೇಳುವುದೇ ಇಲ್ಲ.

ಮಾಜಿ ಕ್ಯಾಷಿಯರ್, ಹಾವೇರಿ
ಬ್ಯಾಡಗಿ ಅಣ್ಣಾ, ಇದನ್ನು ಎಲ್ಲರ ಮುಂದೆ ಬರೆಯಬಾರದಿತ್ತು. ಬೆಳಿಗ್ಗೆ 49,000, ಮಧ್ಯಾಹ್ನ ಮತ್ತೆ 49,000 ಹಾಕಿದರೆ ಎರಡೂ ಸೇರಿಸಿಯೇ ಆ ದಿನದ ಲೆಕ್ಕ. ದಿನಾಲೂ ಹೀಗೆ ಹಾಕಿದರೆ ಕಂಪ್ಯೂಟರ್ ತಾನೇ ಬೊಟ್ಟು ಮಾಡುತ್ತದೆ. 2022ರಲ್ಲಿ ವರ್ಷಕ್ಕೆ ಒಟ್ಟು 20 ಲಕ್ಷ ನಗದು ಆದರೂ ಪ್ಯಾನ್ ಬೇಕು ಅನ್ನುವ ಲೆಕ್ಕವನ್ನೂ ತಂದರು. 31 ವರ್ಷ ಕೌಂಟರಿನಲ್ಲಿ ಕೂತವನು ಹೇಳುತ್ತಿದ್ದೇನೆ.

ಸಪ್ತಾಪುರದವರು ತೀರ್ಪನ್ನು ಅರ್ಧ ಹೇಳಿದರು. ಅದೇ ತೀರ್ಪು ಪ್ಯಾನಿಗೆ ಆಧಾರ್ ಜೋಡಿಸುವುದನ್ನು ಎತ್ತಿ ಹಿಡಿಯಿತು. ಸರಕಾರದ ಸಹಾಯಧನಕ್ಕೆ ಆಧಾರ್ ಕೇಳುವುದನ್ನೂ ಸರಿ ಅಂದಿತು. ಇನ್ನು ಕೌಂಟರಿನ ಹುಡುಗಿ. ಅವಳನ್ನು ಯಾಕೆ ಬೈಯುತ್ತೀರಿ? ನಾಳೆ ಇನ್‌ಸ್ಪೆಕ್ಷನ್‌ನಲ್ಲಿ ನಿಮ್ಮ ಫೈಲಿನಲ್ಲಿ ಕಾಗದ ಕಡಿಮೆ ಇದ್ದರೆ ಮೆಮೋ ಬರುವುದು ಅವಳಿಗೆ. ನನಗೆ ಬಂದಿದೆ. ಒಂದು ಫೋಟೋ ಕಡಿಮೆ ಇದ್ದದ್ದಕ್ಕೆ ಇನ್‌ಕ್ರಿಮೆಂಟ್ ಆರು ತಿಂಗಳು ತಡ ಆಯಿತು.

ಸಪ್ತಾಪುರದ ನಿವೃತ್ತ
ನಾನು ಬೈದಿಲ್ಲ. ಗೊತ್ತಿರಲಿಲ್ಲ ಅಂದೆ. ಗೊತ್ತಿಲ್ಲದಿರುವುದು ಬೈಗುಳವಾ?

ಬೆಟಗೇರಿ ಮಗ್ಗ
ಎಲ್ಲ ಅಣ್ಣಾರೂ ಕಾಯ್ದೆ ಮಾತಾಡ್ತೀರಿ. ನಮ್ಮಂಥವರ ಕಥೆ ಕೇಳಿ. ಗೃಹಲಕ್ಷ್ಮಿ 2,000 ಹಳೇ ಬ್ಯಾಂಕಿಗೆ ಬರುತ್ತಿತ್ತು. ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆಗೆದೆ. ಅಲ್ಲಿ ಆಧಾರ್ ಕೇಳಿದರು, ಕೊಟ್ಟೆ, ಹೆಬ್ಬಟ್ಟು ಒತ್ತಿದೆ. ಮುಂದಿನ ತಿಂಗಳಿಂದ 2,000 ಬಂದ್. ಓಣಿಯಲ್ಲಿ ಎಲ್ಲರಿಗೂ ಬಂದಿದೆ, ನನಗಿಲ್ಲ. ರೇಷನ್ ಕಾರ್ಡ್ ರದ್ದಾಗಿದೆ ಅಂತ ಒಬ್ಬರು, ನಿನ್ನ ಗಂಡ ತೆರಿಗೆ ಕಟ್ತಾನೇನು ಅಂತ ಇನ್ನೊಬ್ಬರು. ನನ್ನ ಗಂಡ ತೆರಿಗೆ ಕಟ್ಟುವಂತಿದ್ದರೆ ನಾನು ಮಗ್ಗದಲ್ಲಿ ಯಾಕೆ ಕೂರುತ್ತಿದ್ದೆ?

ಆರು ತಿಂಗಳು ಆಫೀಸಿಂದ ಆಫೀಸಿಗೆ. ಮಗ್ಗ ನಿಂತದ್ದು 11 ದಿನ. ದಿನಕ್ಕೆ 350 ಹಿಡಿದರೂ 3,850 ಹೋಯಿತು. ಕೊನೆಗೆ ಒಬ್ಬ ಹುಡುಗ ಕಂಪ್ಯೂಟರಿನಲ್ಲಿ ನೋಡಿ "ಅಕ್ಕಾರ, ನಿಮ್ಮ ರೊಕ್ಕ ಬರಾಕತ್ತೈತಿ, ಹೊಸ ಬ್ಯಾಂಕಿನ್ಯಾಗ ಐತಿ" ಅಂದ. ಆಧಾರಿನ ಹಣ ಒಂದೇ ಖಾತೆಗೆ ಹೋಗುತ್ತದಂತೆ, ಕಡೆಗೆ ಯಾವುದಕ್ಕೆ ಜೋಡಿಸಿದ್ದೇವೋ ಅದಕ್ಕೆ. ಈ ಮಾತನ್ನು ಅವತ್ತೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? 12,000 ಹಾಗೇ ಇತ್ತು ಅನ್ನಿ, ಮೆಸೇಜ್ ಬರುವ ಫೋನ್ ನಂಬರ್ ಮಗನದ್ದು, ಅವನು ನೋಡಿಯೇ ಇಲ್ಲ.

ನಾನಂತೂ ಕೇಳಿದಲ್ಲೆಲ್ಲ ಕೊಡುತ್ತೇನೆ. ಕೊಡದೆ ಹಟ ಹಿಡಿದರೆ ನಮಗೆ 2,000 ಯಾರು ಕೊಡ್ತಾರೆ, ಸಪ್ತಾಪುರದ ಅಣ್ಣಾರು ಕೊಡ್ತಾರಾ?

ರಾಣೆಬೆನ್ನೂರಿನವ
ಅಕ್ಕಾರ, ಕೇಳಿದಲ್ಲೆಲ್ಲ ಕೊಡಬೇಡಿ. ನಾನು ಕೊಟ್ಟು ಕೆಟ್ಟವನು.

2023ರಲ್ಲಿ ಸೈಟ್ ಖರೀದಿ ಪತ್ರ ನೋಂದಣಿ ಆಯಿತು. ಅದರಲ್ಲಿ ಆಧಾರ್ ನಂಬರೂ ಇತ್ತು, ಬೆರಳಿನ ಗುರುತೂ ಇತ್ತು. ಕೆಲವು ವಾರಕ್ಕೆ ಖಾತೆಯಿಂದ ಒಮ್ಮೆ 10,000, ಇನ್ನೊಮ್ಮೆ 9,500 ಹೋಯಿತು. ಓಟಿಪಿ ಇಲ್ಲ, ಕಾರ್ಡ್ ಇಲ್ಲ. ಆಧಾರ್ ನಂಬರು, ಹೆಬ್ಬಟ್ಟು ಇದ್ದರೆ ಸಾಕು, ಹಳ್ಳಿಗಳಲ್ಲಿ ಮಷಿನ್ ಹಿಡಿದು ಹಣ ಕೊಡುತ್ತಾರಲ್ಲ, ಆ ದಾರಿ. ಆ ವರ್ಷ ರಾಜ್ಯದಲ್ಲಿ ಬಹಳ ಜನಕ್ಕೆ ಹೀಗೇ ಆಯಿತು, ಪೇಪರಿನಲ್ಲೂ ಬಂತು.

ನಾನು ಗಮನಿಸಿ ಬ್ಯಾಂಕಿಗೆ ಹೇಳಿದ್ದು ಆರನೇ ಕೆಲಸದ ದಿನ. ಮೂರು ಕೆಲಸದ ದಿನದೊಳಗೆ ಹೇಳಿದ್ದರೆ ಪೂರ್ತಿ ವಾಪಸ್ ಬರುತ್ತಿತ್ತು. ತಡ ಮಾಡಿ ಹೋದರೆ ಒಂದು ಪಾಲು ನಮ್ಮ ತಲೆಗೆ. 9,500 ಬಂತು. ಮೂರು ದಿನ ಹಬ್ಬದ ಗಡಿಬಿಡಿಯಲ್ಲಿ ಫೋನ್ ನೋಡಲಿಲ್ಲ. ಹೋಳಿಗೆ ತಿಂದದ್ದಕ್ಕೆ 10,000 ಕೊಟ್ಟಂತಾಯಿತು.

ಈಗ ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದ್ದೇನೆ. ಅದರದ್ದೂ ಒಂದು ತ್ರಾಸು. ರೇಷನ್ ಅಂಗಡಿಯಲ್ಲಿ ಹೆಬ್ಬಟ್ಟು ಕೊಟ್ಟರೆ ಬರಲಿಲ್ಲ. ಹಿಂದೆ ಪಾಳಿಯಲ್ಲಿದ್ದವರೆಲ್ಲ ಬೈದರು. ಲಾಕ್ ತೆಗೆದು ಹೋಗಬೇಕು, ಬಂದು ಮತ್ತೆ ಹಾಕಬೇಕು.

ಗೋಕುಲ ರೋಡ್ ಸೇವಾ ಅಂಗಡಿ
ನೋಡಿ, ಇವರ ಕೇಸಿನಲ್ಲಿ ಝೆರಾಕ್ಸ್ ಅಂಗಡಿಯವನ ತಪ್ಪೇನೂ ಇಲ್ಲ. ಆದರೂ ಜನ ನಮ್ಮನ್ನೇ ಕಳ್ಳರಂತೆ ನೋಡುತ್ತಾರೆ.

ಉಣಕಲ್ ಕೆರೆ ದಂಡೆ
ನಿಮ್ಮನ್ನು ಕಳ್ಳರು ಅಂದದ್ದು ಆಧಾರಿಗಲ್ಲ, ಝೆರಾಕ್ಸ್ ರೇಟಿಗೆ. ಬೇರೆ ಕಡೆ 2 ರೂಪಾಯಿ, ಗೋಕುಲ ರೋಡಿನಲ್ಲಿ 5.

ನನ್ನದು ಬೇರೆ ಸಮಸ್ಯೆ. ಒಂದು ಕಾರ್ಡಿನಲ್ಲಿ ಊರು ಹುಬ್ಳಿ, ಇನ್ನೊಂದರಲ್ಲಿ ಹುಬ್ಬಳ್ಳಿ. 2014ರ ನವೆಂಬರ್ 1ಕ್ಕೆ ಹೆಸರು ಬದಲಾಗಿದೆ. ಸಾಲದ ಅರ್ಜಿಯಲ್ಲಿ "ವಿಳಾಸ ಹೊಂದಾಣಿಕೆ ಇಲ್ಲ" ಅಂತ ವಾಪಸ್ ಹಾಕಿದರು. ನಾನು ಹುಟ್ಟಿದಾಗಿಂದ ಒಂದೇ ಮನೆಯಲ್ಲಿ ಇದ್ದೇನೆ!

ಗೋಕುಲ ರೋಡ್ ಸೇವಾ ಅಂಗಡಿ
5 ರೂಪಾಯಿ ಕಲರ್ ಝೆರಾಕ್ಸಿಗೆ. ಕಪ್ಪು ಬಿಳುಪು 3. ಟೋನರ್ ಬೆಲೆ ಕೇಳಿ ಬಂದು ಮಾತಾಡಿ.

ಸಪ್ತಾಪುರದ ನಿವೃತ್ತ
ನಮ್ಮ ಧಾರವಾಡದಲ್ಲಿ ಇವತ್ತಿಗೂ 2.

ಉಣಕಲ್ ಕೆರೆ ದಂಡೆ
ಧಾರವಾಡದಲ್ಲಿ ಅಂಗಡಿ ತೆರೆದಿದ್ದರೆ ತಾನೇ! ಮಧ್ಯಾಹ್ನ 1ರಿಂದ 4 ಎಲ್ಲ ನಿದ್ದೆ.

ಸಪ್ತಾಪುರದ ನಿವೃತ್ತ
ನಿದ್ದೆ ಮಾಡುವ ಊರಿನಿಂದಲೇ ನಿಮಗೆ ಮೇಷ್ಟ್ರು, ವಕೀಲರು, ಪೇಢಾ ಎಲ್ಲ ಬರುವುದು. 

ಗದಗಿನವಳು (ಈಗ ಹುಬ್ಬಳ್ಳಿ)
ಅಣ್ಣಾರ, ಅಕ್ಕಾರ, ಎಲ್ಲರದೂ ಓದಿದೆ. ಬಿಲ್ ಅಂತೂ ಅಳಿಯನ ಫೋನಿನಿಂದ ಕಟ್ಟಿದೆ, ಯಾರೂ ಏನೂ ಕೇಳಲಿಲ್ಲ. ಅವ್ವನ ಖಾತೆ ಬಗ್ಗೆ ಯಾರೂ ಹೇಳಲಿಲ್ಲ.

ಮಾಜಿ ಕ್ಯಾಷಿಯರ್, ಹಾವೇರಿ
ತಪ್ಪಾಯಿತು ತಂಗಿ, ಜಗಳದಲ್ಲಿ ಮರೆತೆ. ಮೊದಲು, ಆ ಮೆಸೇಜಿನಲ್ಲಿ ಲಿಂಕ್ ಇದ್ದರೆ ಒತ್ತಬೇಡ. ಬ್ರಾಂಚಿಗೇ ಹೋಗಿ ಕೇಳು. ನಿಜವಾಗಿಯೂ ಬಾಕಿ ಇದ್ದರೆ, ಏನೂ ಬದಲಾಗದವರು ಸಹಿ ಮಾಡಿದ ಒಂದು ಚೀಟಿ ಬರೆದುಕೊಟ್ಟರೆ ಸಾಕು. ವಿಳಾಸ ಬದಲಾದವರು ಹೊಸ ವಿಳಾಸವನ್ನೂ ಬರೆದುಕೊಡಬಹುದು, ಎರಡು ತಿಂಗಳೊಳಗೆ ಬ್ಯಾಂಕೇ ಅದನ್ನು ಖಾತ್ರಿ ಮಾಡಿಕೊಳ್ಳಬೇಕು. ಹೆಬ್ಬಟ್ಟು ಬೇಕೇ ಬೇಕು ಅಂತಿಲ್ಲ, ಮತದಾರರ ಚೀಟಿ ನಡೆಯುತ್ತದೆ. 70 ದಾಟಿದವರ ಮನೆಗೇ ಬ್ಯಾಂಕಿನವರು ಬರಬೇಕು ಅಂತ 2017ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಬಾಯಿ ಮಾತಲ್ಲಿ ಕೇಳಬೇಡ. ಬರೆದುಕೊಟ್ಟು ಸೀಲ್ ಹಾಕಿಸಿಕೋ.

ಗದಗಿನವಳು (ಈಗ ಹುಬ್ಬಳ್ಳಿ)
12 ದಿನದ ಮೇಲೆ ಬರೆಯುತ್ತಿದ್ದೇನೆ. ಮೆಸೇಜ್ ನಿಜದ್ದೇ. ಅರ್ಜಿ ಬರೆದುಕೊಟ್ಟೆ. ಮೊದಲು ಆಗಲ್ಲ ಅಂದರು, ಸೀಲ್ ಕೇಳಿದ ಮೇಲೆ ಒಳಗೆ ಕರೆದು ಕೂರಿಸಿದರು. ನಿನ್ನೆ ಒಬ್ಬ ಹುಡುಗ ಮನೆಗೆ ಬಂದ. ಅವ್ವ ಫೋಟೋಕ್ಕೆ ಅಂತ ಇಳಕಲ್ ಸೀರೆ ಉಟ್ಟು ಒಂದು ತಾಸು ಮೊದಲೇ ಕೂತಿದ್ದಳು. ಮತದಾರರ ಚೀಟಿ ನೋಡಿದ, ಸಹಿ ತಗೊಂಡ, ಚಹಾ ಕುಡಿದ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ "ಅಮ್ಮಾರದು ಆಧಾರ್ ಝೆರಾಕ್ಸ್ ಒಂದು ಇದ್ದರ ಕೊಟ್ಟುಬಿಡ್ರಿ, ಫೈಲಿಗೆ" ಅಂದ.

ಸಪ್ತಾಪುರದ ನಿವೃತ್ತ
ಕೊಟ್ಟೆಯಾ?

ಗದಗಿನವಳು (ಈಗ ಹುಬ್ಬಳ್ಳಿ)
ಕೊಟ್ಟೆ ಅಣ್ಣಾರ. ಕೊನೆಯ ನಾಲ್ಕು ಅಂಕಿ ಅಷ್ಟೇ ಕಾಣುವಂಥದ್ದು.

ಗೋಕುಲ ರೋಡ್ ಸೇವಾ ಅಂಗಡಿ
ಪ್ರಿಂಟಿಗೆ ಎಷ್ಟು ತಗೊಂಡರು?