ಅಜ್ಜನ ಗೋಡೆ ಗಡಿಯಾರ ಹತ್ತು ನಿಮಿಷಕ್ಕೆ ನಿಲ್ಲುತ್ತಿದೆ, ಬಿಚ್ಚಲಾ ಬೇಡವಾ?

ಪ್ರಶ್ನೆ

ಅಜ್ಜ ಇಟ್ಟುಕೊಂಡಿದ್ದ ಗೋಡೆ ಗಡಿಯಾರ ಈಗ ನನ್ನ ಕೈಗೆ ಬಂದಿದೆ. ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಡಯಲ್‌ನಲ್ಲಿ ಕೀ ಕೊಡಲು ಎರಡು ತೂತು, ಕೆಳಗೆ ಸುಮಾರು 25 ಸೆಂಟಿಮೀಟರ್ ಉದ್ದದ ಲೋಲಕ. ಅಲ್ಲಿದ್ದಾಗ ಚೆನ್ನಾಗೇ ಓಡುತ್ತಿತ್ತು. ನಾನು ತಂದು ಮೊಳೆಗೆ ಹಾಕಿದ ಮೇಲೆ ಲೋಲಕ ತೂಗಿಬಿಟ್ಟರೆ ಹತ್ತು ನಿಮಿಷ ಓಡಿ ನಿಂತುಬಿಡುತ್ತದೆ. ಕೀ ಪೂರ್ತಿ ಕೊಟ್ಟಿದ್ದೇನೆ. ಜಾಸ್ತಿ ಕೀ ಕೊಟ್ಟು ಸ್ಪ್ರಿಂಗ್ ಬಿಗಿದುಹೋಗಿದೆ ಅಂತ ಒಬ್ಬರು ಹೇಳಿದರು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದುಬಿಡಿ, ಸರಿಯಾಗುತ್ತೆ ಅಂತ ಇನ್ನೊಬ್ಬರು. ಹೊಡೆಯಲು ಮನಸ್ಸು ಬರಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಇನ್ನೊಂದು ವಿಷಯ, ಡಯಲ್ ಮೇಲಿನ ಅಂಕಿಗಳು ಮಾಸಿವೆ, ಎರಡು ಕಡೆ ಬಣ್ಣ ಎದ್ದಿದೆ. ಹೊಸದಾಗಿ ಬಣ್ಣ ಹೊಡೆಸಲಾ?

ಉತ್ತರ 1

ಸ್ಪ್ರೇ ಹೊಡೆಯದೇ ಇದ್ದದ್ದು ತುಂಬಾ ಒಳ್ಳೆಯದಾಯಿತು. ಏನನ್ನೂ ಬಿಚ್ಚಲೂ ಬೇಡಿ. ಮೊದಲು ಕಣ್ಣು ಮುಚ್ಚಿ ಸದ್ದು ಕೇಳಿ. ಟಿಕ್, ಟಾಕ್, ಟಿಕ್, ಟಾಕ್ ಅಂತ ಸಮ ಅಂತರದಲ್ಲಿ ಬರುತ್ತಿದೆಯಾ, ಇಲ್ಲ ಕುಂಟುವವರ ಹೆಜ್ಜೆಯ ಹಾಗೆ ಟಿಕ್‌ಟಾಕ್, ಟಿಕ್‌ಟಾಕ್ ಅಂತ ಜೋಡಿ ಜೋಡಿಯಾಗಿ ಬರುತ್ತಿದೆಯಾ? ಜಾಗ ಬದಲಾಯಿಸಿದ ಗಡಿಯಾರ ನಿಂತರೆ ಬಹುಪಾಲು ಕಾರಣ ಇದೇ.

ಲೋಲಕ ಎಡಕ್ಕೆ ಹೋದಾಗ ಒಂದು, ಬಲಕ್ಕೆ ಹೋದಾಗ ಒಂದು, ಹೀಗೆ ಮೇಲಿರುವ ಆಂಕರ್, ಅಂದರೆ ಲೋಲಕದ ಜೊತೆ ಆಡುವ ಕೊಕ್ಕೆಯಂಥ ತುಂಡು, ಹಲ್ಲುಚಕ್ರವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಬಿಡುವಾಗ ಆ ಚಕ್ರ ಲೋಲಕಕ್ಕೆ ಒಂದು ಸಣ್ಣ ನೂಕು ಕೊಡುತ್ತದೆ. ಪೆಟ್ಟಿಗೆ ಓರೆಯಾಗಿದ್ದರೆ ಒಂದು ಕಡೆಗೆ ಲೋಲಕ ಹಲ್ಲು ಬಿಡಿಸುವಷ್ಟು ದೂರ ಹೋಗುವುದೇ ಇಲ್ಲ. ನೂಕು ಸಿಗಲಿಲ್ಲ ಅಂದರೆ ತೂಗಾಟ ಸಣ್ಣದಾಗುತ್ತಾ ನಿಲ್ಲುತ್ತದೆ, ನಿಮ್ಮ ಹತ್ತು ನಿಮಿಷ ಅಂದರೆ ಅದೇ.

ಪೆಟ್ಟಿಗೆಯ ಒಂದು ಪಕ್ಕವನ್ನು ನಿಧಾನವಾಗಿ ಸ್ವಲ್ಪ ಎತ್ತಿ ನೋಡಿ, ಆಮೇಲೆ ಇನ್ನೊಂದು ಪಕ್ಕ. ಎಲ್ಲೋ ಒಂದು ಕಡೆ ಸದ್ದು ಸಮ ಆಗುತ್ತದೆ. ಅಲ್ಲೇ ಬಿಟ್ಟು ಓಡುತ್ತದಾ ನೋಡಿ. ಓಡಿದರೆ, ಪೆಟ್ಟಿಗೆಯನ್ನು ನೇರ ಮಾಡಿ ಲೋಲಕವನ್ನು ತೂಗಿಸುವ ತೆಳ್ಳನೆ ಕಡ್ಡಿಯನ್ನು, ಅದಕ್ಕೆ ಕ್ರಚ್ ಅಂತಾರೆ, ಯಾವ ಪಕ್ಕ ಎತ್ತಿದಾಗ ಸರಿಯಾಯಿತೋ ಆ ಪಕ್ಕಕ್ಕೆ ಕೂದಲೆಳೆಯಷ್ಟು ಬಗ್ಗಿಸಬೇಕು. ಲೋಲಕ ನೇತಾಡುವ ತೆಳು ಉಕ್ಕಿನ ಪಟ್ಟಿ ಸಾಗಿಸುವಾಗ ಮಡಚಿ ಸುಕ್ಕಾಗಿದೆಯಾ ಅಂತಲೂ ನೋಡಿ. ಸುಕ್ಕಾಗಿದ್ದರೆ ನೇರ ಮಾಡಲು ಹೋಗಬೇಡಿ, ಅದೇ ದಪ್ಪದ ಹೊಸ ಪಟ್ಟಿ ಹಾಕಿ.

ಜಾಸ್ತಿ ಕೀ ಕೊಟ್ಟು ಹಾಳಾಯಿತು ಅನ್ನುವ ಮಾತು ಎಲ್ಲರೂ ಹೇಳುತ್ತಾರೆ, ಅದು ನಿಜ ಅಲ್ಲ. ಪೂರ್ತಿ ಕೀ ಕೊಟ್ಟಿದ್ದರೂ ಗಡಿಯಾರ ನಿಂತಿದೆ ಅಂದರೆ ಶಕ್ತಿ ಇದೆ, ದಾರಿಯಲ್ಲಿ ಎಲ್ಲೋ ತಡೆ ಇದೆ ಅಂತ ಅರ್ಥ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ನಾನು ಎಣ್ಣೆಯ ವಿಷಯ ಹೇಳಲೇಬೇಕು, ಯಾಕಂದರೆ ರಿಪೇರಿಗೆ ಬರುವ ಗಡಿಯಾರಗಳಲ್ಲಿ ಎಣ್ಣೆ ಇಲ್ಲದೆ ಹಾಳಾದದ್ದಕ್ಕಿಂತ ತಪ್ಪಾಗಿ ಎಣ್ಣೆ ಹಾಕಿ ಹಾಳಾದದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ.

ಚಕ್ರಗಳನ್ನು ಹಿಡಿದಿಡುವ ಪ್ಲೇಟು ಹಿತ್ತಾಳೆಯದು, ಅದರ ತೂತಿನಲ್ಲಿ ತಿರುಗುವ ಪಿವಟ್, ಅಂದರೆ ಚಕ್ರದ ಅಚ್ಚಿನ ತುದಿ, ಉಕ್ಕಿನದು. ಹಳೆ ಎಣ್ಣೆ ಮೇಣದ ಹಾಗೆ ಗಟ್ಟಿಯಾಗಿ ಧೂಳು ಹಿಡಿದುಕೊಳ್ಳುತ್ತದೆ. ಆ ಧೂಳಿನ ಹರಳು ಮೆತ್ತಗಿರುವ ಹಿತ್ತಾಳೆಯಲ್ಲಿ ಕಚ್ಚಿಕೊಂಡು ಗಟ್ಟಿ ಉಕ್ಕನ್ನೇ ಅರೆಯುತ್ತದೆ. ಗಟ್ಟಿಯಾದದ್ದೇ ಸವೆಯುತ್ತದೆ, ನಂಬಲು ಕಷ್ಟ ಅಲ್ವಾ? ಪಿವಟ್‌ನಲ್ಲಿ ಉಂಗುರದಂಥ ಗೀರು ಕಂಡರೆ ಇದೇ ಕಾರಣ. ಸ್ಪ್ರೇ ಹೊಡೆದರೆ ಆ ಕೊಳೆ ಒಂದೆರಡು ವಾರ ಕರಗಿ ಗಡಿಯಾರ ಓಡುತ್ತದೆ, ಅರೆಯುವ ಕೆಲಸ ಇನ್ನೂ ಜೋರಾಗುತ್ತದೆ. ಹಾಗಾಗಿ ಕೊಳೆಯ ಮೇಲೆ ಹೊಸ ಎಣ್ಣೆ ಬೇಡವೇ ಬೇಡ. ಬಿಚ್ಚಿ, ತೊಳೆದು, ಪ್ರತಿ ತೂತಿನಲ್ಲೂ ಚೂಪು ಮಾಡಿದ ಮರದ ಕಡ್ಡಿ ತಿರುಗಿಸಿ, ಕಡ್ಡಿ ಬೆಳ್ಳಗೆ ಹೊರಗೆ ಬರುವವರೆಗೂ ಒರೆಸಬೇಕು. ಆಮೇಲೆ ಗಡಿಯಾರದ್ದೇ ಎಣ್ಣೆ, ತೂತಿಗೊಂದು ಸಣ್ಣ ತೊಟ್ಟು. ಚಕ್ರದ ಹಲ್ಲುಗಳಿಗೆ ಎಣ್ಣೆ ಹಾಕಬಾರದು, ಅವು ಒಣಗಿಯೇ ಇರಬೇಕು.

ಆದರೆ ಸ್ಪ್ರಿಂಗ್‌ನಲ್ಲಿ ಕೀ ಉಳಿದಿರುವಾಗ ಪ್ಲೇಟು ಬಿಚ್ಚಬೇಡಿ. ದಯವಿಟ್ಟು. ಒಂದು ವಾರ ಓಡಿಸುವ ಶಕ್ತಿ ಒಂದೇ ಕ್ಷಣಕ್ಕೆ ಬಿಟ್ಟರೆ ಹಲ್ಲುಗಳು ಮುರಿಯುತ್ತವೆ, ಬೆರಳೂ ಮುರಿಯಬಹುದು. ಕೀ ಇಳಿಸಲು ಬೇರೆ ಹಿಡಿಕೆ ಸಿಗುತ್ತದೆ, ಅದನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಜಾರಲು ಬಿಡಬೇಕು. ಎರಡು ತೂತು ಅಂದರೆ ಎರಡು ಸ್ಪ್ರಿಂಗ್, ಎರಡನ್ನೂ ಇಳಿಸಬೇಕು. ಇದನ್ನು ಒಮ್ಮೆಯೂ ನೋಡಿಲ್ಲ ಅಂದರೆ ಗೊತ್ತಿದ್ದವರ ಪಕ್ಕ ಕೂತು ನೋಡಿ ಕಲಿಯಿರಿ.

ಉತ್ತರ 3

ಡಯಲ್ ಬಗ್ಗೆ ಯಾರೂ ಹೇಳಲಿಲ್ಲ. ಬಣ್ಣ ಹೊಡೆಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಲೂ ಬೇಡಿ, ಅಂಕಿಗಳ ಮಸಿ ಬಹಳ ಸಲ ಮೇಲಿನ ಪದರದಲ್ಲೇ ಕೂತಿರುತ್ತದೆ, ಒಂದೇ ಸಲಕ್ಕೆ ಬಟ್ಟೆಗೆ ಬರುತ್ತದೆ. ಎದ್ದಿರುವ ಚಕ್ಕೆಗಳು ಉದುರದ ಹಾಗೆ ಅಂಟಿಸಿ ನಿಲ್ಲಿಸುವುದು ಬೇರೆ ಕೆಲಸ, ಅದನ್ನು ಬಲ್ಲವರಿಂದ ಮಾಡಿಸಿ. ಬೆಳ್ಳಿ ಲೇಪದ ಡಯಲ್ ಆಗಿದ್ದರೆ ಮಾತು ಬೇರೆ, ಅದಕ್ಕೆ ಮತ್ತೆ ಲೇಪ ಹಚ್ಚುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿ.

ಇನ್ನೊಂದು ಎಚ್ಚರಿಕೆ. ಮುಳ್ಳುಗಳ ಮೇಲೆ ಕತ್ತಲಲ್ಲಿ ಹೊಳೆಯುವ ಹಳೆ ಬಣ್ಣ ಇದ್ದರೆ ಕೆರೆಯಬೇಡಿ, ಅದು ರೇಡಿಯಂ ಇರಬಹುದು. ಹೊಳಪು ಹೋಗಿದ್ದರೂ ರೇಡಿಯಂ ಹೋಗಿರುವುದಿಲ್ಲ, ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅದರ ಪುಡಿ ಉಸಿರಿನ ಜೊತೆ ಒಳಗೆ ಹೋಗಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸದ್ದು ಕುಂಟುತ್ತಲೇ ಇತ್ತು! ಎಡ ಪಕ್ಕ ಸ್ವಲ್ಪ ಎತ್ತಿದೆ, ಸಮ ಆಯಿತು, ಐದು ದಿನದಿಂದ ನಿಂತಿಲ್ಲ. ಕಡ್ಡಿ ಬಗ್ಗಿಸುವ ಧೈರ್ಯ ಇನ್ನೂ ಬಂದಿಲ್ಲ. ಮುಳ್ಳುಗಳು ಬರೀ ಕಪ್ಪು ಉಕ್ಕು, ಡಯಲ್ ಮುಟ್ಟಿಲ್ಲ. ಈಗ ಎರಡು ತೊಂದರೆ. ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತಿದೆ, ಮತ್ತೆ ಮೂರು ಗಂಟೆಗೆ ಐದು ಸಲ ಹೊಡೆಯುತ್ತದೆ. ಟಾರ್ಚ್ ಹಾಕಿ ನೋಡಿದಾಗ ಹಿಂದಿನ ಪ್ಲೇಟಿನ ಮೇಲೆ ಸೂಜಿಯಲ್ಲಿ ಗೀಚಿದ ಹಾಗೆ ಸಣ್ಣ ಅಕ್ಷರ, ಅಂಕಿಗಳು ಕಂಡವು. ಅದೇನು?

ಉತ್ತರ 1

ಹಿಂದೆ ಬಿದ್ದರೆ ಲೋಲಕ ಗಿಡ್ಡ ಆಗಬೇಕು, ಕೆಳಗಿನ ತಿರುಪು ಮೇಲಕ್ಕೆ ತಿರುಗಿಸಿ. ಆದರೆ ತುಂಬಾ ಸ್ವಲ್ಪ. ಒಂದು ಸೆಕೆಂಡಿಗೆ ಒಂದು ಸಲ ಬಡಿಯುವ ದೊಡ್ಡ ಲೋಲಕ 99.4 ಸೆಂಟಿಮೀಟರ್ ಇರುತ್ತದೆ, ಅದರಲ್ಲಿ 1 ಮಿಲಿಮೀಟರ್ ಬದಲಾದರೆ ದಿನಕ್ಕೆ ಸುಮಾರು 43 ಸೆಕೆಂಡು ವ್ಯತ್ಯಾಸ. ನಿಮ್ಮ 25 ಸೆಂಟಿಮೀಟರಿನದ್ದರಲ್ಲಿ ಅದೇ 1 ಮಿಲಿಮೀಟರಿಗೆ ಸುಮಾರು ಮೂರು ನಿಮಿಷ ಆಗುತ್ತದೆ. ಅಂದರೆ ನಿಮ್ಮ ತಪ್ಪು ಪೂರ್ತಿ ಒಂದು ಮಿಲಿಮೀಟರಿನದು. ತಿರುಗಿಸಿ ಒಂದು ದಿನ ಕಾಯಿರಿ, ಗಂಟೆಗೊಮ್ಮೆ ಮುಟ್ಟಿದರೆ ಎಲ್ಲಿದ್ದೀರಿ ಅಂತ ಗೊತ್ತಾಗುವುದಿಲ್ಲ.

ಗಂಟೆ ತಪ್ಪಿದ್ದಕ್ಕೆ ಹೆದರಬೇಡಿ. ಎಷ್ಟು ಸಲ ಹೊಡೆಯಬೇಕು ಅಂತ ಸಾಲಾಗಿ ಎಣಿಸುವ ಎಣಿಕೆ ಚಕ್ರ ಇರುವ ಗಡಿಯಾರಕ್ಕೆ ಮುಳ್ಳು ಎಲ್ಲಿದೆ ಅಂತ ಗೊತ್ತೇ ಇರುವುದಿಲ್ಲ, ನಾಲ್ಕಾದ ಮೇಲೆ ಐದು ಹೊಡೆಯಬೇಕು ಅಂತ ಅಷ್ಟೇ ಗೊತ್ತು. ಬಹುಪಾಲು ಗಡಿಯಾರಗಳಲ್ಲಿ ಗಂಟೆ ಮುಳ್ಳನ್ನು ಸುಮ್ನೆ ಒತ್ತಿ ಕೂರಿಸಿರುತ್ತಾರೆ. ಐದು ಹೊಡೆದ ತಕ್ಷಣ ಆ ಮುಳ್ಳನ್ನು ಮೆಲ್ಲಗೆ ಐದಕ್ಕೆ ತಿರುಗಿಸಿ. ಆಮೇಲೆ ನಿಮಿಷದ ಮುಳ್ಳನ್ನು ಮುಂದಕ್ಕೆ ಮಾತ್ರ ತಿರುಗಿಸುತ್ತಾ, ಪ್ರತಿ ಸಲ ಪೂರ್ತಿ ಹೊಡೆಯಲು ಬಿಟ್ಟು, ಸರಿಯಾದ ಸಮಯಕ್ಕೆ ತನ್ನಿ. ಹಿಂದಕ್ಕೆ ತಿರುಗಿಸಬೇಡಿ.

ಉತ್ತರ 2

ಆ ಗೀಚು ಹಿಂದೆ ರಿಪೇರಿ ಮಾಡಿದವರದು. ಹೆಸರಿನ ಮೊದಲ ಅಕ್ಷರ, ತಾರೀಖು ಬರೆದಿಡುತ್ತಿದ್ದರು. ಅದನ್ನು ನೋಡಿದರೆ ಕೊನೆಯ ಸಲ ಯಾವಾಗ ತೊಳೆದದ್ದು ಅಂತ ಅಂದಾಜು ಸಿಗುತ್ತದೆ. ಓಡುತ್ತಿದೆ ಅಂತ ಸುಮ್ಮನಾಗಬೇಡಿ, ಹಲವು ವರ್ಷ ಆಗಿದ್ದರೆ ಈಗಲೇ ತೊಳೆಸಿ. ಕೊಡುವಾಗ ಪ್ಲೇಟಿಗೆ ಪಾಲಿಶ್ ಹಾಕಬೇಡಿ ಅಂತ ಬಾಯಿಬಿಟ್ಟು ಹೇಳಿ, ಆ ಅಕ್ಷರಗಳು ಅಳಿಸಿಹೋಗುತ್ತವೆ. ಬಿಚ್ಚುವ ಮೊದಲು ಫೋಟೋ ತೆಗೆದಿಡಿ, ಇಲ್ಲಿ ಹಾಕಿದರೆ ಓದಲು ನಾನೂ ಪ್ರಯತ್ನಿಸುತ್ತೇನೆ.